ಬೆಟ್ಟ ಇಳಿಯುವ ವಿದ್ಯೆ

ನಮ್ಮ ದುರ್ಗಗಳ ಇತಿಹಾಸವನ್ನು ಬರೆದವರೆಲ್ಲ ಹತ್ತಿದವರ ಕಥೆಯನ್ನೇ ಬರೆದಿದ್ದಾರೆ. ಯಾವ ಪಾಳೆಯಗಾರ ಯಾವ ಬೆಟ್ಟದ ಮೇಲೆ ಕೋಟೆ ಕಟ್ಟಿದ, ಯಾವ ದಳವಾಯಿ ಎಷ್ಟು ದಿನ ಮುತ್ತಿಗೆ ಹಾಕಿ ಆ ಕೋಟೆಯನ್ನು ಏರಿದ, ಯಾರ ಬಾವುಟ ಯಾವ ಬುರುಜಿನ ಮೇಲೆ ಹಾರಿತು ಎಂಬ ಸಂಗತಿಗಳು ಶಾಲೆಯ ಪುಸ್ತಕಗಳಲ್ಲಿಯೂ ಸಿಗುತ್ತವೆ. ಹತ್ತಿದವರು ಇಳಿದದ್ದು ಹೇಗೆ ಎಂದು ಕೇಳಿದರೆ ಮಾತ್ರ ಪುಸ್ತಕ ಮೌನ. ಹತ್ತಿದ ಮೇಲೆ ಇಳಿಯುವುದು ಇದ್ದೇ ಇದೆ, ಅದರಲ್ಲಿ ಹೇಳುವುದೇನು ಎಂದು ಬರೆದವರು ಭಾವಿಸಿರಬಹುದು. ಮಧುಗಿರಿಯ ಬಂಡೆಯನ್ನು ಒಮ್ಮೆ ಹತ್ತಿ ಇಳಿದವರು ಹಾಗೆ ಭಾವಿಸಲಾರರು. ಹತ್ತುವಾಗ ಮುಖ ಬಂಡೆಯ ಕಡೆಗಿರುತ್ತದೆ. ಮುಂದಿನ ಹೆಜ್ಜೆಯನ್ನು ಕಣ್ಣು ಕಂಡು, ಕೈ ಮುಟ್ಟಿ, ಆಮೇಲೆ ಕಾಲು ಹೋಗುತ್ತದೆ. ಇಳಿಯುವಾಗ ಕಾಲೇ ಮುಂದು. ಕಣ್ಣಿಗೆ ಕಾಣುವುದು ಕೆಳಗಿನ ಊರು, ತೋಟ, ಕೆರೆ. ಕಾಲಿಡಬೇಕಾದ ಗೇಣಗಲದ ಜಾಗ ಹೊಟ್ಟೆಯ ಮರೆಯಲ್ಲಿರುತ್ತದೆ.

ಈ ಇಳಿಯುವ ಕೆಲಸಕ್ಕೂ ಒಂದು ಇತಿಹಾಸವುಂಟು. ಅದನ್ನು ಹುಡುಕಲು ಆಲ್ಪ್ಸ್ ಪರ್ವತಕ್ಕೇ ಹೋಗಬೇಕಾಗಿಲ್ಲ. ತುಮಕೂರು ಜಿಲ್ಲೆಯ ಬಡಗಣ ತಾಲ್ಲೂಕುಗಳಿಂದಲೇ ಆರಂಭಿಸಬಹುದು.

ಶಿರಾದಿಂದ ಹಿರಿಯೂರಿಗೆ ಹೋಗುವ ಹೆದ್ದಾರಿಯ ಮೇಲೆ ತಾವರೆಕೆರೆ ಎಂಬ ಊರಿದೆ. ಅದರ ಸುತ್ತಿನ ನೆಲ ಬಹುಮಟ್ಟಿಗೆ ಬಯಲು: ಕಡಲೆಕಾಯಿ ಹೊಲ, ರಾಗಿ ಹೊಲ, ಮಳೆ ಬಂದ ವರ್ಷ ತುಂಬುವ ಕೆರೆಗಳು. ಅಲ್ಲಿಂದ ಮೂಡಣ ದಿಕ್ಕಿಗೆ ಹೊರಟರೆ ನೆಲದ ಚಹರೆ ಬದಲಾಗುತ್ತದೆ. ಒಂದೊಂದಾಗಿ ಬೋಳು ಬಂಡೆಗಳು ಏಳುತ್ತವೆ. ಪಾವಗಡ, ನಿಡುಗಲ್ಲು, ಮಿಡಿಗೇಶಿ, ಮಧುಗಿರಿ, ತೆಂಕಣಕ್ಕೆ ತಿರುಗಿದರೆ ಕೊರಟಗೆರೆಯ ಚನ್ನರಾಯನದುರ್ಗ, ಸಿದ್ಧರಬೆಟ್ಟ. ಇವುಗಳಲ್ಲಿ ಹೆಚ್ಚಿನವು ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಕಲ್ಲಿನ ಪಟ್ಟೆಗೆ ಸೇರಿದವು. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ಕಾವೇರಿಯ ಕಡೆಯಿಂದ ಹೊರಟು ರಾಮನಗರ, ಮಾಗಡಿ, ಶಿವಗಂಗೆಗಳನ್ನು ಹಾದು ಉತ್ತರಕ್ಕೆ ಸುಮಾರು ೨೫೦ ಮೈಲಿ ಹರಿದಿರುವ ಈ ಶಿಲೆಗೆ ಇನ್ನೂರೈವತ್ತು ಕೋಟಿ ವರ್ಷಗಳ ವಯಸ್ಸೆಂದು ಲೆಕ್ಕ. ಬಿಸಿಲಿಗೆ ಕಾದು ಇರುಳಿಗೆ ತಣಿದು ಈ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಕಳಚುತ್ತದೆ. ಆದ್ದರಿಂದಲೇ ನಮ್ಮ ಬೆಟ್ಟಗಳಿಗೆ ಮೂಲೆಗಳಿಲ್ಲ, ನೆತ್ತಿ ಗುಂಡಾಗಿರುತ್ತದೆ, ಮೈ ನುಣುಪಾಗಿರುತ್ತದೆ. ನುಣುಪು ಮೈ ನೋಡುವುದಕ್ಕೆ ಚೆಂದ. ಇಳಿಯುವವನಿಗೆ ಅದೇ ಕಷ್ಟ.

ಇಂತಹ ಬೆಟ್ಟದ ಮೇಲೆ ಬಿದ್ದ ಮಳೆನೀರು ತನಗೆ ಬೇಕಾದ ದಾರಿಯನ್ನು ತಾನೇ ಕಂಡುಕೊಂಡಿರುತ್ತದೆ. ಬಂಡೆಯ ನೆತ್ತಿಯಲ್ಲಿ ತಗ್ಗಿರುವೆಡೆ ನಿಂತು ದೊಣೆಯಾಗುತ್ತದೆ. ದೊಣೆ ತುಂಬಿದರೆ ಕಪ್ಪು ಪಟ್ಟೆ ಎಳೆದಂತೆ ಬಂಡೆಯ ಮೇಲೆ ಹರಿಯುತ್ತದೆ. ಎರಡು ಬಂಡೆಗಳ ನಡುವಿನ ಬಿರುಕಿಗೆ ಬಿದ್ದು ಕೊರಕಲಾಗುತ್ತದೆ. ಉರುಳಿ ಬಂದ ಗುಂಡುಗಳ ನಡುವೆ ನುಗ್ಗಿ ಹಳ್ಳವಾಗುತ್ತದೆ. ದೇವರಾಯನದುರ್ಗದ ಬೆಟ್ಟಗಳಲ್ಲಿ ಹೀಗೆ ಹುಟ್ಟಿದ ನೀರೇ ಒಂದು ಕಡೆ ಶಿಂಷೆಯಾಗಿ ಕಾವೇರಿಯ ಪಾಲಾಗುತ್ತದೆ, ಇನ್ನೊಂದು ಕಡೆ ಜಯಮಂಗಲಿಯಾಗಿ ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಪಿನಾಕಿನಿಯನ್ನು ಸೇರುತ್ತದೆ. ಈ ಸೀಮೆಯಲ್ಲಿ ಮಳೆ ಕಡಮೆ. ವರ್ಷದ ಬಹುಭಾಗ ಬೆಟ್ಟದ ಹಳ್ಳಗಳು ಒಣಗಿರುತ್ತವೆ. ಮಲೆನಾಡಿನ ಹಳ್ಳದಂತೆ ಇಲ್ಲಿ ಜಿಗಣೆಯಿಲ್ಲ, ಮೊಣಕಾಲುದ್ದ ನೀರಿಲ್ಲ. ದನ ಕಾಯುವ ಹುಡುಗನಿಗೆ ಹಳ್ಳವೇ ಮೆಟ್ಟಿಲು. ಮೇಲಿಂದ ಕೆಳಗೆ ಬರುವುದಕ್ಕೆ ನೀರು ಆರಿಸಿದ ದಾರಿಗಿಂತ ಹತ್ತಿರದ ದಾರಿ ಇರಲಾರದಲ್ಲವೆ? ಆದರೆ ನೀರಿಗೆ ಕಾಲು ಮುರಿಯುವ ಭಯವಿಲ್ಲ. ಅದು ಇಪ್ಪತ್ತಡಿಯನ್ನು ಸುಮ್ಮನೆ ಧುಮುಕಿಬಿಡುತ್ತದೆ. ಅದನ್ನು ನಂಬಿ ಹೋದ ಮನುಷ್ಯ ಅಂಚಿನಲ್ಲಿ ನಿಂತು ಯೋಚಿಸಬೇಕಾಗುತ್ತದೆ. ಕೆಟ್ಟುಹೋದ ಕೆಲಸಕ್ಕೆ ‘ಹಳ್ಳ ಹಿಡಿಯಿತು’ ಎನ್ನುವ ನಮ್ಮ ಮಾತು ಇಂಥ ಅಂಚುಗಳಲ್ಲಿ ನಿಂತವರಿಂದಲೇ ಬಂದಿರಬೇಕು ಎಂದು ನನಗೆ ಅನೇಕ ಸಲ ಅನ್ನಿಸಿದೆ. ಭಾಷಾಶಾಸ್ತ್ರಜ್ಞರು ಕ್ಷಮಿಸಬೇಕು.

ಮಧುಗಿರಿ ಕೋಟೆಯ ಹುಟ್ಟಿನ ಕಥೆಯೇ ಇಳಿದು ಬಂದವರ ಕಥೆ. ಈ ಸೀಮೆಯ ಪಾಳೆಯಗಾರ ರಾಜಾ ಹಿರೇಗೌಡನ ಕುರಿಯೊಂದು ತಪ್ಪಿಸಿಕೊಂಡು ಬೆಟ್ಟಕ್ಕೆ ಹೋಯಿತಂತೆ. ಮರಳಿ ಬಂದಾಗ ಅದರ ಮೈಯೆಲ್ಲ ನೀರಿನಿಂದ ತೊಯ್ದಿತ್ತು. ಸುತ್ತ ಎಲ್ಲಿಯೂ ನೀರಿಲ್ಲದ ಬಂಡೆಯ ಮೇಲೆ ಊಟೆ ಇದೆಯೆಂದು ಗೌಡನಿಗೆ ತಿಳಿದದ್ದು ಹಾಗೆ. ನೀರಿದ್ದರೆ ಕೋಟೆ ಕಟ್ಟಬಹುದು, ಕಟ್ಟಿದ. ಮೊದಲಿನ ಮಣ್ಣಿನ ಕೋಟೆಯ ಜಾಗದಲ್ಲಿ ಕಲ್ಲಿನ ಕೋಟೆ ಎದ್ದದ್ದು ಹೈದರಾಲಿಯ ಕಾಲದಲ್ಲಿ. ಅಂತರಾಳದ ಬಾಗಿಲು, ದಿಡ್ಡಿ ಬಾಗಿಲು, ಮೈಸೂರು ಬಾಗಿಲು ಎಂಬ ಹೆಸರುಗಳೂ, ನವಿಲು ದೊಣೆ, ಭೀಮನ ದೊಣೆ ಎಂಬ ನೀರಿನ ತಾಣಗಳೂ ಉಳಿದುಬಂದಿವೆ. ಕುರಿಯ ಕಥೆ ನಿಜವೋ ಕಟ್ಟುಕಥೆಯೋ, ಅದರಲ್ಲಿ ಒಂದು ಸೂಕ್ಷ್ಮವುಂಟು. ಕುರಿ ಹತ್ತಿ ನೀರು ಕುಡಿದು ಅಲ್ಲೇ ಉಳಿದಿದ್ದರೆ ಗೌಡನಿಗೆ ಏನೂ ತಿಳಿಯುತ್ತಿರಲಿಲ್ಲ. ಅದು ಕಾಲು ತಪ್ಪದೆ ಕೆಳಗೆ ಬಂದದ್ದರಿಂದ ಒಂದು ಸಂಸ್ಥಾನಕ್ಕೆ ರಾಜಧಾನಿ ಸಿಕ್ಕಿತು.

ಮನುಷ್ಯನಿಗೆ ಕುರಿಯ ಗೊರಸಿಲ್ಲ. ಅವನು ಹಗ್ಗ ಕಂಡುಹಿಡಿದ. ಹಗ್ಗದ ಮೇಲೆ ಪ್ರಾಣವಿಟ್ಟು ಬಂಡೆಯ ಮುಖದಲ್ಲಿ ಇಳಿದ ಮೊದಲಿಗರು ಸಿಪಾಯಿಗಳೂ ಅಲ್ಲ, ಸಾಹಸಿಗಳೂ ಅಲ್ಲ, ಜೇನು ಕೀಳುವವರು. ಈ ಮಾತನ್ನು ಮಧುಗಿರಿಯ ಪ್ರಸ್ತಾಪದಲ್ಲಿ ಹೇಳುವುದು ಉಚಿತವೇ ಸರಿ. ಹಿಂದೆ ಮದ್ದಗಿರಿ ಎಂದು ಕರೆಯುತ್ತಿದ್ದ ಈ ಬೆಟ್ಟಕ್ಕೆ ಜೇನುಗೂಡುಗಳಿಂದಲೇ ಹೆಸರು ಬಂದಿತೆಂದು ಹೇಳುವ ವಾಡಿಕೆಯಿದೆ. ಹೆಜ್ಜೇನು ತುಡುವೆಯಂತೆ ಪೊಟರೆಯಲ್ಲಿ ಅಡಗುವುದಿಲ್ಲ. ಬಂಡೆಯ ಚಾಚಿನ ಕೆಳಗೆ, ಮಳೆ ತಾಗದ ಕಡೆ, ಒಂದೇ ದೊಡ್ಡ ಹಲ್ಲೆಯನ್ನು ಬಯಲಿನಲ್ಲಿಯೇ ತೂಗುಹಾಕುತ್ತದೆ. ಕೆಳಗಿನಿಂದ ಏಣಿ ಎಟುಕದು. ಮೇಲಿನಿಂದ ಇಳಿಯುವುದೊಂದೇ ದಾರಿ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ, ನೀಲಗಿರಿಯ ಕುರುಂಬರಲ್ಲಿ, ಶ್ರೀಶೈಲದ ನಲ್ಲಮಲೆಯ ಚೆಂಚುಗಳಲ್ಲಿ ಈ ವಿದ್ಯೆ ತಲೆಮಾರುಗಳಿಂದ ನಡೆದುಬಂದಿದೆ. ಕಾಡಿನ ಬಳ್ಳಿಯನ್ನು ಹೊಸೆದು ಹಗ್ಗವನ್ನೋ ಏಣಿಯನ್ನೋ ಮಾಡುತ್ತಾರೆ. ಅದರ ಒಂದು ತುದಿ ಮೇಲಿನ ಮರಕ್ಕೆ ಅಥವಾ ಗುಂಡಿಗೆ ಬಿಗಿಯುತ್ತದೆ. ಹಸಿ ಎಲೆ ಸೇರಿಸಿದ ಸೂಡಿಯ ಹೊಗೆ ಕೊಟ್ಟು ಹುಳುವನ್ನು ಎಬ್ಬಿಸಿ, ಇಳಿದವನು ಉದ್ದದ ಕೋಲಿನಿಂದ ಹಲ್ಲೆಯನ್ನು ಕೊಯ್ದು ಬುಟ್ಟಿಗೆ ಬೀಳಿಸುತ್ತಾನೆ. ಮೇಲೆ ಒಬ್ಬ ಹಗ್ಗ ಕಾಯುತ್ತಿರುತ್ತಾನೆ. ಕಾಯುವವನು ಯಾರಾಗಬೇಕು ಎಂಬುದಕ್ಕೆ ದಕ್ಷಿಣದ ಬೆಟ್ಟಗಾಡಿನ ಹಲವು ಪಂಗಡಗಳಲ್ಲಿ ಒಂದು ಕಟ್ಟಳೆಯಿದೆ. ಒಡಹುಟ್ಟಿದ ಅಣ್ಣತಮ್ಮಂದಿರು ಹಗ್ಗ ಹಿಡಿಯಬಾರದು; ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ತನ್ನ ಅಕ್ಕತಂಗಿಯ ತಾಳಿ ಅವನ ಕೈಯಲ್ಲಿರುವುದರಿಂದ ಅವನು ಹಗ್ಗ ಬಿಡಲಾರ ಎಂಬುದು ಇದರ ಒಳತಿರುಳು. ಅಣ್ಣತಮ್ಮಂದಿರ ನಡುವೆ ಆಸ್ತಿಪಾಸ್ತಿಯ ಮನಸ್ತಾಪ ಇದ್ದರೂ ಇರಬಹುದಷ್ಟೆ. ಇಂದಿನ ಪರ್ವತಾರೋಹಣ ಶಾಲೆಗಳಲ್ಲಿ ಹಗ್ಗ ಹಿಡಿಯುವವನನ್ನು ಆರಿಸಲು ಹತ್ತಾರು ನಿಯಮ ಮಾಡಿದ್ದಾರೆ. ಭಾವಮೈದುನನನ್ನು ನಿಲ್ಲಿಸಬೇಕೆಂಬ ಈ ನಿಯಮದಷ್ಟು ಮನುಷ್ಯಸ್ವಭಾವವನ್ನು ಬಲ್ಲ ನಿಯಮ ಅವುಗಳಲ್ಲಿ ಇದೆಯೆಂದು ನಾನು ಕಾಣೆ.

ಜೇನಿನವರ ಹಗ್ಗವನ್ನು ಬಿಟ್ಟು ಕೋಟೆಯ ಹಗ್ಗಕ್ಕೆ ಬರೋಣ. ೧೬೭೮ರಲ್ಲಿ ಚಿಕ್ಕದೇವರಾಜ ಒಡೆಯರ ಸೇನೆ ಮಧುಗಿರಿಯನ್ನು ಗೆದ್ದಿತು. ಸೋತ ಗೌಡರು ಶ್ರೀರಂಗಪಟ್ಟಣಕ್ಕೆ ಹೋಗಬೇಕಾಯಿತು. ಮುಂದೆ ಹೈದರನು ೧೭೬೩ರಲ್ಲಿ ಬಿದನೂರನ್ನು ವಶಪಡಿಸಿಕೊಂಡಾಗ ಅಲ್ಲಿನ ರಾಣಿ ವೀರಮ್ಮಾಜಿಯನ್ನೂ ಅವಳ ದತ್ತುಪುತ್ರನನ್ನೂ ತಂದು ಸೆರೆಯಿಟ್ಟದ್ದು ಈ ಬೆಟ್ಟದ ಮೇಲೆಯೇ. ಮಲೆನಾಡಿನ ಅರಮನೆಯಲ್ಲಿದ್ದವಳನ್ನು ಮರದ ನೆರಳೂ ಅಪರೂಪವಾದ ಬಂಡೆಯ ಮೇಲೆ ಇರಿಸಿದ ಹೈದರನ ಲೆಕ್ಕ ಸರಳವಾದದ್ದು. ಸಾಮಾನ್ಯ ಸೆರೆಮನೆಗೆ ಗೋಡೆ ಬೇಕು, ಕಾವಲು ಬೇಕು. ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರದ ಈ ಏಕಶಿಲೆಗೆ ಒಂದೇ ಒಂದು ಇಕ್ಕಟ್ಟಾದ ದಾರಿ. ಆ ದಾರಿಯನ್ನು ಕಾದರೆ ಸಾಕು, ಉಳಿದ ಕಾವಲನ್ನು ಬಂಡೆಯೇ ಮಾಡುತ್ತಿತ್ತು. ಒಟ್ಟಿನಲ್ಲಿ, ದುರ್ಗಗಳು ಒಳಗೆ ಬರುವವರನ್ನು ತಡೆಯುವುದಕ್ಕೆ ಎಷ್ಟು ಉಪಯೋಗವಾದುವೋ ಕೆಳಗೆ ಹೋಗುವವರನ್ನು ತಡೆಯುವುದಕ್ಕೂ ಅಷ್ಟೇ ಉಪಯೋಗವಾದುವು. ೧೭೬೭ರಲ್ಲಿ ಪೇಶ್ವೆ ಮಾಧವರಾಯನ ಮರಾಠಾ ಸೇನೆ ಶಿರಾ, ಮಧುಗಿರಿಗಳನ್ನು ಹಿಡಿದಾಗ ರಾಣಿಗೆ ಬಿಡುಗಡೆಯಾಯಿತು. ನಾಲ್ಕು ವರ್ಷದ ಮೇಲೆ ಆಕೆ ಬೆಟ್ಟ ಇಳಿದಳು. ಪುಣೆಗೆ ಹೋಗುವ ದಾರಿಯಲ್ಲಿಯೇ ತೀರಿಕೊಂಡಳು.

ಇಳಿಯುವ ದಾರಿಯೇ ಇಲ್ಲದಂತೆ ಮಾಡಿ ಯುದ್ಧ ಗೆದ್ದ ಪ್ರಸಂಗವೊಂದನ್ನು ಮರಾಠಿ ಜನ ಇಂದಿಗೂ ಹೇಳುತ್ತಾರೆ. ೧೬೭೦ರಲ್ಲಿ ಶಿವಾಜಿಯ ಸರದಾರ ತಾನಾಜಿ ಮಾಲುಸರೆ ಕೊಂಡಾಣಾ ಕೋಟೆಯನ್ನು ಇರುಳಿನಲ್ಲಿ ಹಗ್ಗದ ಸಹಾಯದಿಂದ ಏರಿದ. ಉಡವನ್ನು ಕಟ್ಟಿ ಹಗ್ಗ ಏರಿಸಿದನೆಂಬ ಕಥೆ ತಮಗೆಲ್ಲ ಗೊತ್ತು. ಉಡದ ವಿಷಯದಲ್ಲಿ ಇತಿಹಾಸಕಾರರಿಗೆ ಸಂಶಯವುಂಟು, ನನಗೂ ಉಂಟು. ಕಥೆಯ ಎರಡನೆಯ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ. ತಾನಾಜಿ ಬಿದ್ದ ಕೂಡಲೇ ಅವನ ಕಡೆಯವರು ಬಂದ ಹಗ್ಗದ ಕಡೆಗೆ ಓಡಿದರು. ತಮ್ಮ ಸೂರ್ಯಾಜಿ ಆ ಹಗ್ಗಗಳನ್ನು ಆಗಲೇ ಕಡಿದುಹಾಕಿದ್ದ. ಇನ್ನು ಇಳಿಯುವಂತಿಲ್ಲ ಎಂದು ತಿಳಿದ ಮೇಲೆ ಅವರು ತಿರುಗಿ ನಿಂತು ಹೋರಾಡಿ ಗೆದ್ದರು. ಈ ಕಡಿದ ಹಗ್ಗವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಮಾತು ಬರುತ್ತದೆ.

ಹಗ್ಗ ಇದ್ದರೇನು, ಇಲ್ಲದಿದ್ದರೇನು ಎಂಬುದಕ್ಕೆ ನಮ್ಮ ನಾಡಿನಲ್ಲಿಯೇ ಎರಡು ತಿಂಗಳ ಅಂತರದಲ್ಲಿ ನಡೆದ ಎರಡು ಘಟನೆಗಳಿವೆ. ಟೀಪುವಿನ ಮೇಲೆ ಕಾರ್ನ್‌ವಾಲಿಸ್ ದಂಡೆತ್ತಿ ಬಂದ ಕಾಲ. ೧೭೯೧ರ ಅಕ್ಟೋಬರ್ ೧೯ರ ಬೆಳಗಿನ ಜಾವ, ಬೆಳುದಿಂಗಳಿನಲ್ಲಿ, ಇಂಗ್ಲಿಷ್ ಸೇನೆ ನಂದಿದುರ್ಗಕ್ಕೆ ನುಗ್ಗಿತು. ಒಳಗಿದ್ದವರಲ್ಲಿ ಸತ್ತವರು, ಗಾಯಗೊಂಡವರು ಕೆಲವರೇ. ಗೋಡೆ ತಗ್ಗಾಗಿದ್ದ ಒಂದು ಕಡೆಯಿಂದ ಹಗ್ಗ, ಏಣಿಗಳನ್ನು ಇಳಿಬಿಟ್ಟು ಹಲವರು ತಪ್ಪಿಸಿಕೊಂಡರೆಂದು ಗೆದ್ದವರ ಕಡೆಯ ವೃತ್ತಾಂತವೇ ಹೇಳುತ್ತದೆ. ಅದೇ ವರ್ಷದ ಡಿಸೆಂಬರ್ ೨೧ರಂದು ಅದೇ ಸೇನೆ ಸಾವನದುರ್ಗವನ್ನು ಹಿಡಿಯಿತು. ಅಲ್ಲಿ ದಾಳಿ ಹಗಲಿನಲ್ಲಿ ನಡೆಯಿತು, ಬಹಳ ಬೇಗ ಮುಗಿಯಿತು. ಓಡಿದವರಲ್ಲಿ ಅನೇಕರು ಬಂಡೆಯ ಅಂಚಿನಿಂದ ಜಾರಿ ಪ್ರಪಾತಕ್ಕೆ ಬಿದ್ದು ಸತ್ತರು. ಎರಡೂ ಕಡೆ ಇದ್ದವರು ಒಂದೇ ದೊರೆಯ ಸಿಪಾಯಿಗಳು, ಹೆದರಿಕೆಯೂ ಒಂದೇ. ನಂದಿಯಲ್ಲಿ ಯಾರೋ ಒಬ್ಬರು ಮೊದಲೇ ಯೋಚಿಸಿ ಹಗ್ಗವನ್ನು ಕೈಗೆ ಸಿಗುವಲ್ಲಿ ಇಟ್ಟಿದ್ದಿರಬೇಕು. ಅವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ.

ಯುದ್ಧಕ್ಕೂ ಜೇನಿಗೂ ಅಲ್ಲದೆ, ಬರಿಯ ತಿಳಿವಿಗಾಗಿ ಕಮರಿಗೆ ಹಗ್ಗ ಇಳಿಬಿಟ್ಟದ್ದು ಕನ್ನಡ ನಾಡಿನಲ್ಲಿ ೧೮೫೬ರಷ್ಟು ಹಿಂದೆ, ಜೋಗದಲ್ಲಿ. ಶರಾವತಿ ಬೀಳುವ ಎತ್ತರ ಎಷ್ಟು ಎಂಬ ವಿಷಯದಲ್ಲಿ ಅದುವರೆಗೆ ಬಾಯಿಗೆ ಬಂದ ಲೆಕ್ಕಗಳಿದ್ದುವು. ಇಂಡಿಯನ್ ನೇವಿಯ ಅಧಿಕಾರಿಗಳು ಬೇಸಗೆಯ ಆರಂಭದಲ್ಲಿ, ನೀರು ಇಳಿದಿದ್ದಾಗ ಬಂದರು. ಹಡಗಿನ ಕೆಲಸದಲ್ಲಿ ಪಳಗಿದವರಾದ್ದರಿಂದ ಹಗ್ಗ ಅವರಿಗೆ ಹೊಸದಲ್ಲ. ಪ್ರಪಾತದ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಗ್ಗ ಹಾಯಿಸಿ, ಅದರಲ್ಲಿ ತೂಗುಬಿಟ್ಟ ಆಸನದಲ್ಲಿ ಕುಳಿತು ನಡುವಿಗೆ ಸರಿದು, ಅಲ್ಲಿಂದ ಅಳತೆಯ ದಾರವನ್ನು ಕೆಳಗೆ ಬಿಟ್ಟರು. ಎತ್ತರ ೮೨೯ ಅಡಿ ಎಂದು ಬಂತು. ಕೆಳಗಿನ ಮಡುವಿನ ಆಳ ೧೩೨ ಅಡಿ. ಇಂದಿಗೂ ಶಾಲೆಯ ಮಕ್ಕಳು ಉರುಹೊಡೆಯುವ ಜೋಗದ ಎತ್ತರದ ಅಂಕಿ ಹೀಗೆ ಹಗ್ಗದ ಮೇಲೆ ತೂಗಾಡುತ್ತ ಹುಟ್ಟಿದ್ದು.

ಇಷ್ಟಾದರೂ ಜೇನಿನವನ ಹಗ್ಗಕ್ಕೂ ನಂದಿಯ ಹಗ್ಗಕ್ಕೂ ಒಂದೇ ಕೊರತೆ ಉಳಿದಿತ್ತು. ಇಳಿದವನು ಹಗ್ಗವನ್ನು ಮೇಲೆಯೇ ಬಿಟ್ಟು ಹೋಗಬೇಕು. ಬೆಟ್ಟಕ್ಕೆ ಒಂದೇ ಧುಮುಕು ಇದ್ದರೆ ಚಿಂತೆಯಿಲ್ಲ. ಹತ್ತು ಧುಮುಕುಗಳಿದ್ದರೆ ಹತ್ತು ಹಗ್ಗ ಹೊರುವವರಾರು? ಇದಕ್ಕೆ ಫ್ರಾನ್ಸಿನ ಶಾಮೋನಿ ಊರಿನ ಬೆಟ್ಟದ ದಾರಿಕಾರ ಜಾನ್ ಶಾರ್ಲೆ ಉಪಾಯ ಕಂಡುಹಿಡಿದ. ೧೮೭೬ರಲ್ಲಿ ಅವನು ಪ್ತಿ ದ್ರ್ಯು ಎಂಬ ಹನ್ನೆರಡು ಸಾವಿರ ಅಡಿಯ ಶಿಖರವನ್ನು ಒಬ್ಬನೇ ಏರಲು ಹೋಗಿ ಅರ್ಧಕ್ಕೆ ಹಿಂದಿರುಗಬೇಕಾಯಿತು. ಆಗ ಹಗ್ಗವನ್ನು ಕಟ್ಟದೆ, ಕಲ್ಲಿನ ಕೋಡಿಗೆ ನಡು ಸಿಕ್ಕಿಸಿ, ಎರಡು ತುದಿಗಳನ್ನೂ ಕೆಳಗೆ ಬಿಟ್ಟ. ಎರಡನ್ನೂ ಹಿಡಿದು ಇಳಿದ ಮೇಲೆ ಒಂದು ತುದಿಯನ್ನು ಎಳೆದರೆ ಹಗ್ಗವೆಲ್ಲ ಕೆಳಗೆ ಬಂತು. ೧೮೭೯ರಲ್ಲಿ ಇಬ್ಬರು ಜೊತೆಗಾರರೊಡನೆ ಶಿಖರವನ್ನೂ ಮುಟ್ಟಿದ. ಈ ಇಳಿಕೆಗೆ ಫ್ರೆಂಚರು ರಾಪೆಲ್ ಎಂದು ಹೆಸರಿಟ್ಟರು. ಮರಳಿ ಕರೆಯುವುದು ಎಂದು ಅರ್ಥ. ಮೇಲಿದ್ದ ಹಗ್ಗವನ್ನು ತನ್ನ ಬಳಿಗೆ ಮರಳಿ ಕರೆಯುವುದು. ನಮ್ಮ ಹುಡುಗರು ಇಂದು ರ‍್ಯಾಪ್ಲಿಂಗ್ ಎನ್ನುವುದು ಇದನ್ನೇ.

ಸೂರ್ಯಾಜಿ ಕಡಿದ ಹಗ್ಗದ ಮಾತು ಇಲ್ಲಿ ಬರುತ್ತದೆ. ಹಗ್ಗವನ್ನು ಕೆಳಗೆ ಎಳೆದುಕೊಂಡ ಕ್ಷಣಕ್ಕೆ ಹಿಂದಿರುಗುವ ದಾರಿ ಮುಚ್ಚಿತು. ಬೆಟ್ಟದ ಬದಿಯಲ್ಲಿ ಇದು ಅಷ್ಟು ಭಯಂಕರವಲ್ಲ, ಆಚೀಚೆ ಸರಿಯಬಹುದು. ಕೊರಕಲಿನಲ್ಲಿ ಎರಡು ಪಕ್ಕವೂ ಗೋಡೆ. ಹಿಂದೆ ಹತ್ತಲಾರದ ಧುಮುಕು, ಮುಂದೆ ಇನ್ನೂ ಕಾಣದ ಧುಮುಕು. ಕೈಯಲ್ಲಿರುವ ಹಗ್ಗ ಮುಂದಿನದಕ್ಕೆ ಸಾಲದಿದ್ದರೆ ಮನುಷ್ಯ ನಡುವೆ ಸಿಕ್ಕಿಬಿದ್ದಂತೆಯೇ. ಆದ್ದರಿಂದ ಹಳ್ಳದ ಇಳಿಕೆಯಲ್ಲಿ ಎಲ್ಲ ತೀರ್ಮಾನಗಳೂ ಮೇಲೆ, ಮೊದಲ ಹಗ್ಗವನ್ನು ಎಳೆಯುವ ಮುಂಚೆಯೇ ಆಗಬೇಕು. ಇದನ್ನು ಒಂದು ಶಾಸ್ತ್ರವಾಗಿ ಬೆಳೆಸಿದವರಲ್ಲಿ ಫ್ರಾನ್ಸಿನ ಎಡ್ವಾರ್ ಮಾರ್ತೆಲ್ ಪ್ರಮುಖ. ೧೮೮೯ರಲ್ಲಿ ಪಾದಿರಾಕ್ ಎಂಬ ಮಹಾಕೂಪಕ್ಕೆ ಹಗ್ಗದ ಏಣಿಯಿಂದ ಇಳಿದ. ೧೯೦೫ರಲ್ಲಿ ವೆರ್ದೋಂ ನದಿಯ ಕಮರಿಯನ್ನು ನೀರಿನ ದಾರಿಯಲ್ಲಿಯೇ ಸಾಗಿ ಹೊರಬಂದ. ಅದೇ ಸುಮಾರಿನಲ್ಲಿ ಜರ್ಮನಿಯ ಹಾನ್ಸ್ ಡ್ಯುಲ್ಫರ್ ಹಗ್ಗವನ್ನು ತೊಡೆಗೆ, ಎದೆಗೆ, ಹೆಗಲಿಗೆ ಸುತ್ತಿ ಇಳಿಯುವ ವರಸೆಯನ್ನು ಬಳಕೆಗೆ ತಂದ. ಪಾಪ, ೧೯೧೫ರಲ್ಲಿ ಯುದ್ಧದಲ್ಲಿ ಮಡಿದ. ಅವನ ವರಸೆಯ ಗುಟ್ಟು ನಮ್ಮ ರೈತರಿಗೆ ಹೊಸದಲ್ಲ. ಕೆರಳಿದ ಎತ್ತಿನ ಹಗ್ಗವನ್ನು ಕಂಬಕ್ಕೆ ಎರಡು ಸುತ್ತು ಹಾಕಿದರೆ ಹತ್ತು ವರ್ಷದ ಹುಡುಗನೂ ಹಿಡಿದು ನಿಲ್ಲಬಲ್ಲ. ಸುತ್ತಿನಲ್ಲಿ ಹುಟ್ಟುವ ತಿಕ್ಕಾಟವೇ ಭಾರವನ್ನು ಹೊರುತ್ತದೆ. ಡ್ಯುಲ್ಫರ್ ಕಂಬದ ಬದಲು ತನ್ನ ಮೈಯನ್ನು ಕೊಟ್ಟ, ಅಷ್ಟೆ. ಇಂದು ಆ ಸುತ್ತುಗಳನ್ನು ಕನ್ನಡದ ೪ ಅಂಕಿಯನ್ನು ಹೋಲುವ ಒಂದು ಲೋಹದ ಬಳೆ ಹೊರುತ್ತದೆ. ಹೆಗಲಿನ ಚರ್ಮ ಸುಲಿಯುವುದು ತಪ್ಪಿದೆ.

ಹಗ್ಗವೂ ಬದಲಾಯಿತು. ಕಪಿಲೆ ಬಾವಿಯ ಮಿಣಿಯನ್ನು, ಕತ್ತಾಳೆಯ ಹುರಿಯನ್ನು, ತೆಂಗಿನ ನಾರಿನ ಹಗ್ಗವನ್ನು ಬಲ್ಲವರಿಗೆ ಅವುಗಳ ಸ್ವಭಾವ ಗೊತ್ತು. ನೆನೆದರೆ ಬಿಗಿಯುತ್ತವೆ, ಒಣಗಿದರೆ ಸಿಡಿಯುತ್ತವೆ, ಒಳಗೊಳಗೇ ಕೊಳೆತು ಹೊರಗೆ ಗಟ್ಟಿಯಾಗಿ ಕಾಣುತ್ತವೆ. ಎರಡನೆಯ ಮಹಾಯುದ್ಧದ ಕಾಲಕ್ಕೆ ನೈಲಾನ್ ಬಂತು. ೧೯೫೩ರಲ್ಲಿ ಜರ್ಮನಿಯ ಎಡೆಲ್ರಿಡ್ ಕಾರ್ಖಾನೆ ಒಳಗೆ ತಿರುಳು, ಹೊರಗೆ ನೇಯ್ದ ಹೊದಿಕೆ ಇರುವ ಹಗ್ಗವನ್ನು ಹೊರತಂದಿತು. ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ವರ್ಷವೂ ಅದೇ. ಮಾರನೆಯ ವರ್ಷ, ೧೯೫೪ರಲ್ಲಿ, ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ಬಂಡೆ ಹತ್ತುವುದರೊಡನೆ ಇಳಿಯುವುದನ್ನೂ ಪಾಠ ಹೇಳಿಕೊಡುವ ಕ್ರಮ ನಮ್ಮ ದೇಶದಲ್ಲಿ ಬೇರೂರಿದ್ದು ಅಂದಿನಿಂದ. ರಾಮನಗರ, ಸಾವನದುರ್ಗ, ಬಾದಾಮಿಗಳ ಬಂಡೆಗಳಲ್ಲಿ ಬೆಂಗಳೂರಿನ ತರುಣ ತರುಣಿಯರು ಇಂದು ಕಲಿಯುತ್ತಿರುವುದು ಅದರದೇ ಮುಂದುವರಿಕೆ.

ಹೊಸಬರಿಗೆ ಯಾವ ಹಳ್ಳ ತಕ್ಕುದು? ನೀರಿಲ್ಲದ್ದು ಅಥವಾ ಪಾದ ಮುಳುಗುವಷ್ಟೇ ನೀರಿರುವುದು. ಧುಮುಕು ಹತ್ತು ಹದಿನೈದು ಅಡಿ ಮೀರದ್ದು. ನಡುನಡುವೆ ಪಕ್ಕಕ್ಕೆ ಹೊರಬರುವ ದಾರಿ ಇರುವುದು. ಇಂಥ ಇಳಿಕೆಯಲ್ಲಿ ಮುಕ್ಕಾಲು ಭಾಗ ಹಗ್ಗದ ಕೆಲಸವೇ ಇರುವುದಿಲ್ಲ, ಕೈಕಾಲಿನ ಕೆಲಸ. ಇಳಿಜಾರು ಕಡಮೆಯಿದ್ದರೆ ಮುಖ ಹೊರಗಿರಲಿ. ಹೆಚ್ಚಾದರೆ ಪಕ್ಕಕ್ಕೆ ತಿರುಗಬೇಕು. ಕಡಿದಾದರೆ ಏಣಿ ಇಳಿದಂತೆ ಬಂಡೆಗೇ ಮುಖ. ಎರಡು ಕೈ ಎರಡು ಕಾಲುಗಳಲ್ಲಿ ಒಂದು ಮಾತ್ರ ಚಲಿಸಬೇಕು, ಮೂರು ನೆಟ್ಟಿರಬೇಕು. ಮಧುಗಿರಿಯಲ್ಲಿ ಹೆದರಿದವರು ಕುಳಿತುಕೊಂಡು ಜಾರುವುದನ್ನು ಯಾರಾದರೂ ನೋಡಬಹುದು. ಇದಕ್ಕಿಂತ ಅಪಾಯದ ಕ್ರಮ ಬೇರೊಂದಿಲ್ಲ. ಅಂಗಾಲು ಪೂರ್ತಿಯಾಗಿ ಬಂಡೆಗೆ ಒತ್ತಿ ನಿಂತರೆ ಗ್ರಾನೈಟ್ ಮನುಷ್ಯನನ್ನು ಹಿಡಿದುಕೊಳ್ಳುತ್ತದೆ. ಕುಳಿತವನ ಬಟ್ಟೆಯನ್ನು ಅದು ಹಿಡಿಯುವುದಿಲ್ಲ. ನೀರು ಹರಿದ ಕಪ್ಪು ಪಟ್ಟೆಯ ಮೇಲೆ ಕಾಲಿಡಬಾರದು. ಒಣಗಿದ್ದಾಗ ಸಾಧುವಾಗಿ ಕಾಣುವ ಆ ಪಟ್ಟೆ ಒಂದು ತುಂತುರಿಗೆ ಸಾಬೂನಾಗುತ್ತದೆ. ದೊಣೆಯ ನೀರಿನ ಆಳ ತಿಳಿಯದೆ ಹಾರಬಾರದು.

ಹಗ್ಗ ಬೇಕಾದೆಡೆ ಅದರ ತುದಿಗೆ ಗಂಟು ಹಾಕಿರಬೇಕು. ಗಂಟಿಲ್ಲದ ತುದಿ ಬಳೆಯಿಂದ ನುಸುಳಿಹೋಗಿ ಪಳಗಿದವರೇ ಎಷ್ಟೋ ಮಂದಿ ಸತ್ತಿದ್ದಾರೆ. ಬಂಡೆಯ ಅಂಚಿಗ ಉಜ್ಜುವೆಡೆ ಗೋಣಿಚೀಲ ಹಾಸಬೇಕು. ಹೊಸಬನಿಗೆ ಎರಡನೆಯ ಹಗ್ಗವೊಂದನ್ನು ಕಟ್ಟಿ, ಬಲ್ಲವರೊಬ್ಬರು ಮೇಲೆ ಹಿಡಿದಿರಬೇಕು. ಭಾವಮೈದುನನೇ ಆಗಬೇಕೆಂದಿಲ್ಲ, ಅವನಷ್ಟು ಎಚ್ಚರ ಇರಬೇಕು. ಇನ್ನು ಹೆಜ್ಜೇನು. ಈ ಬೆಟ್ಟಗಳ ಹಕ್ಕುದಾರರು ಅವರೇ. ಚಾಚುಬಂಡೆಯ ಕೆಳಗೆ ಹಲ್ಲೆ ಕಂಡರೆ ಆ ದಾರಿಯನ್ನೇ ಬಿಡಬೇಕು. ಹಗ್ಗದ ಮೇಲೆ ತೂಗುತ್ತಿರುವವನು ಜೇನೆದ್ದರೆ ಓಡಲಾರ.

ಪಳಗಿದವರಿಗೂ ಕಮರಿ ಸುಲಭವಲ್ಲ. ಚಿತ್ರದುರ್ಗದ ಕೋಟೆಗೋಡೆಯನ್ನು ಬರಿಗೈಯಿಂದ ಏರಿ ಹೆಸರಾದ ಜ್ಯೋತಿರಾಜ್ ಅವರು ೨೦೧೮ರ ಫೆಬ್ರುವರಿಯಲ್ಲಿ ಕಾಣೆಯಾದ ಯುವಕನೊಬ್ಬನನ್ನು ಹುಡುಕಲು ಜೋಗದ ಕಮರಿಗೆ ಇಳಿದರು. ಆ ರಾತ್ರಿ ಅವರೇ ಮರಳಲಿಲ್ಲ. ಮಾರನೆಯ ದಿನ ಜೀವಸಹಿತ ಸಿಕ್ಕಿದಾಗ ನಾಡಿಗೆಲ್ಲ ನೆಮ್ಮದಿಯಾಯಿತು.

ಮಧುಗಿರಿ ಕೋಟೆ ಇಂದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಏಷ್ಯಾದಲ್ಲಿ ಎರಡನೆಯ ದೊಡ್ಡ ಏಕಶಿಲೆ ಎಂದು ಊರಿನವರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಅಳೆದವರು ಯಾರೆಂದು ಕೇಳುವುದು ಅತಿಥಿಗೆ ಶೋಭಿಸದು. ಕಡಿದಾದೆಡೆ ಕಲ್ಲಿನಲ್ಲಿ ಕೊರೆದ ಹೆಜ್ಜೆಗಳಿವೆ, ಹಿಡಿದುಕೊಳ್ಳಲು ಕಂಬಿ ಹಾಕಿದ್ದಾರೆ. ಹತ್ತುವುದಕ್ಕೆ ಬೆಳಗಿನ ತಂಪು ಸಾಕು. ಇಳಿಯುವ ಹೊತ್ತಿಗೆ ಬಿಸಿಲೇರಿ ಕಲ್ಲು ಕಾದಿರುತ್ತದೆ, ಕಾಲು ದಣಿದಿರುತ್ತದೆ, ಕುಡಿಯಲು ತಂದ ನೀರು ಮುಗಿದಿರುತ್ತದೆ. ಆದ್ದರಿಂದ ಹತ್ತುವಾಗಲೇ ಅರ್ಧ ನೀರನ್ನು ಉಳಿಸಿಕೊಳ್ಳಬೇಕು, ಒಂಬತ್ತು ಗಂಟೆಗೆ ನೆತ್ತಿಯಿಂದ ಹೊರಡಬೇಕು. ಮಳೆಗಾಲದಲ್ಲಿ ಪಕ್ಕದ ಹಳ್ಳಗಳ ಕಡೆ ಸುಳಿಯಲೇಬಾರದು. ಈ ಸೀಮೆಯಲ್ಲಿ ಮಳೆ ಬರುವುದು ಅಪರೂಪ. ಬಂದರೆ ಬಂಡೆ ಒಂದು ಹನಿಯನ್ನೂ ಹೀರಿಕೊಳ್ಳದೆ ಎಲ್ಲವನ್ನೂ ಒಮ್ಮೆಲೇ ಕೆಳಗೆ ಕಳುಹಿಸುತ್ತದೆ. ಕೊರಕಲಿನ ತಳದಲ್ಲಿ ನಿಂತವನಿಗೆ ನೆತ್ತಿಯ ಮೇಲೆ ನೀಲಿ ಆಕಾಶವೇ ಕಾಣುತ್ತಿರಬಹುದು, ಮಳೆ ಬೆಟ್ಟದ ಆಚೆಯ ಮಗ್ಗುಲಲ್ಲಿ ಸುರಿದಿರಬಹುದು. ನೀರಿನ ಸದ್ದು ಕಿವಿಗೆ ಬೀಳುವುದಕ್ಕೂ ನೀರು ಬರುವುದಕ್ಕೂ ನಡುವೆ ಹೆಚ್ಚು ಹೊತ್ತು ಸಿಗುವುದಿಲ್ಲ.